ಒದ್ದೆ ಬಟ್ಟೆ ಹೊದಿಸಿದವರಿಗೆ

ಕೊನೆಗೂ ಒಂದೇ ಅಳತೆಯ ಮಣ್ಣಿನ ಬಟ್ಟಲುಗಳ ಒಂದು ಸೆಟ್ ಮಡಕೆ ಸುಡುವ ಆವಿಗೆಯಿಂದ ಇಳಿದಿದೆ. ಒಂದರೊಳಗೊಂದು ಇಟ್ಟರೆ ಕೂರುತ್ತವೆ, ವಾಲುವುದಿಲ್ಲ. ನೀರು ತುಂಬಿಟ್ಟರೆ ಸೋರುವುದಿಲ್ಲ. ತಿಗರಿಯ, ಅಂದರೆ ಕುಂಬಾರನ ಚಕ್ರದ ಮುಂದೆ ಕೂತು ಕಲಿಯುವವರಿಗೆ ಇದೆಷ್ಟು ದೊಡ್ಡ ಸಂಗತಿ ಎನ್ನುವುದು ಕಲಿತವರಿಗೆ ಗೊತ್ತು, ಉಳಿದವರು ನನ್ನ ಮಾತು ನಂಬಬೇಕು. ಫೋಟೊ ನೋಡಿದವರೆಲ್ಲ ಖುಷಿಪಟ್ಟಿರಿ, ಜೊತೆಗೆ ಹೆಚ್ಚುಕಡಿಮೆ ಎಲ್ಲರೂ ಒಂದೇ ಪ್ರಶ್ನೆ ಕೇಳಿದಿರಿ: "ಎರಡು ಮಕ್ಕಳು, ಆಫೀಸು, ಮನೆ, ಇದರ ಮಧ್ಯೆ ನಿನಗೆ ಟೈಮ್ ಎಲ್ಲಿಂದ ಸಿಗುತ್ತೆ ಮಾರಾಯ್ತಿ?"

ನನಗೆ ಟೈಮ್ ಸಿಗಲಿಲ್ಲ. ಸುತ್ತಲಿನವರು ತಮ್ಮ ಟೈಮಿನಲ್ಲಿ ಮುರಿದು ಕೊಟ್ಟರು. ಯಾರು ಏನು ಕೊಟ್ಟರು ಅನ್ನುವ ಲೆಕ್ಕ ಒಪ್ಪಿಸೋಣ ಅಂತ ಇದನ್ನು ಬರೆಯಲು ಕೂತಿದ್ದೇನೆ.

ಅದಕ್ಕೂ ಮೊದಲು ಈ ಹವ್ಯಾಸದ ತಕರಾರು ಏನೆಂದು ಹೇಳಬೇಕು. ಹೊಲಿಗೆಯನ್ನು ಅರ್ಧಕ್ಕೆ ಮಡಿಸಿಟ್ಟು ತಿಂಗಳ ಮೇಲೆ ಮತ್ತೆ ಎತ್ತಿಕೊಳ್ಳಬಹುದು. ಓದುತ್ತಿದ್ದ ಪುಟಕ್ಕೆ ಚೀಟಿ ಸಿಕ್ಕಿಸಿ ಎದ್ದು ಹೋಗಬಹುದು. ಮಣ್ಣು ಹಾಗೆ ಕಾಯುವ ಜಾತಿಯಲ್ಲ. ತಿಗರಿಯಿಂದ ಆಗತಾನೆ ಇಳಿಸಿದ ಬಟ್ಟಲು ಬೆರಳು ತಾಗಿದರೆ ಸೊಟ್ಟಗಾಗುವಷ್ಟು ಮೆತ್ತಗಿರುತ್ತದೆ. ಹವೆ ಹೇಗಿದೆ ಎನ್ನುವುದರ ಮೇಲೆ ಕೆಲವು ಗಂಟೆಗೋ ಒಂದೆರಡು ದಿನಕ್ಕೋ ಅದು ಕುಂಬಾರಿಕೆ ಕ್ಲಾಸಿನಲ್ಲಿ 'ಲೆದರ್ ಹಾರ್ಡ್' ಅನ್ನುವ ಹದಕ್ಕೆ ಬರುತ್ತದೆ. ಕೈಯಲ್ಲಿ ಎತ್ತಿದರೆ ಆಕಾರ ಕೆಡುವುದಿಲ್ಲ, ಆದರೆ ಉಗುರು ಒತ್ತಿದರೆ ಗುರುತು ಬೀಳುತ್ತದೆ. ಬೋರಲು ಹಾಕಿ ತಳ ಕೆತ್ತುವುದು, ಹಿಡಿ ಅಂಟಿಸುವುದು ಎಲ್ಲ ಆಗಲೇ ಆಗಬೇಕು. ಹದ ಮೀರಿದರೆ ಕೆತ್ತುವ ಉಪಕರಣ ಕಿರುಗುಟ್ಟುತ್ತದೆ, ಸುರುಳಿ ಸುರುಳಿಯಾಗಿ ಬರಬೇಕಾದ ಮಣ್ಣು ಪುಡಿಯಾಗಿ ಉದುರುತ್ತದೆ. ಒಣಗಿದ ಮೈಗೆ ಹಸಿ ಹಿಡಿ ಅಂಟಿಸಿದರೆ ಮೈ ಆಗಲೇ ಕುಗ್ಗಿ ಮುಗಿದಿರುತ್ತದೆ, ಹಿಡಿ ಇನ್ನೂ ಕುಗ್ಗಬೇಕಿರುತ್ತದೆ, ಕೊನೆಗೆ ಬಿರುಕು ಬಿಟ್ಟು ಬೇರೆಯಾಗುತ್ತದೆ. ಆ ಹದವಾದರೂ ನಮಗೆ ಪುರಸೊತ್ತಿದ್ದಾಗ ಬರುತ್ತದೆಯೇ? ಮಗಳ ಪರೀಕ್ಷೆಯ ಹಿಂದಿನ ರಾತ್ರಿ ಬರುತ್ತದೆ. ಮಗನಿಗೆ ಜ್ವರ ಏರಿದ ಮಧ್ಯಾಹ್ನ ಬರುತ್ತದೆ.

ಹಾಗಾಗಿ ನನ್ನ ಮೊದಲ ಥ್ಯಾಂಕ್ಸ್ ಅತ್ತೆಗೆ. ಮನೆಯ ಮೂಲೆಯಲ್ಲಿ ಹಳೆಯದೊಂದು ಪುಟ್ಟ ಎಲೆಕ್ಟ್ರಿಕ್ ತಿಗರಿ ತಂದಿಟ್ಟುಕೊಂಡ ಮೇಲೆ, ಹಗಲಿನಲ್ಲಿ ನನ್ನ ಹಸಿ ಬಟ್ಟಲುಗಳ ಉಸ್ತುವಾರಿ ಅವರದೇ. ನಾನು ಕೇಳಿಕೊಂಡಿರಲಿಲ್ಲ. ಒಂದು ದಿನ ಆಫೀಸಿಗೆ ಫೋನ್ ಬಂತು: "ಅಂಚು ಬೆಳ್ಳಗಾಗ್ತಾ ಇದೆ ಕಣಮ್ಮ, ತಳ ಇನ್ನೂ ಹಸಿ. ಪ್ಲಾಸ್ಟಿಕ್ ಮುಚ್ಚಲಾ?" ಅಂಚು ತೆಳ್ಳಗಿರುತ್ತದೆ, ಗಾಳಿಗೆ ಮೊದಲು ಒಡ್ಡಿಕೊಳ್ಳುವುದೂ ಅದೇ. ಅದು ಮುಂದೆ ಓಡಿ ತಳ ಹಿಂದೆ ಉಳಿದರೆ ಆ ಎಳೆದಾಟದಲ್ಲೇ ಬಿರುಕು ಹುಟ್ಟುತ್ತದೆ. ಇದನ್ನು ನನಗೆ ಕ್ಲಾಸಿನಲ್ಲಿ ಬಿಡಿಸಿ ಹೇಳಬೇಕಾಗಿತ್ತು, ಅವರು ನೋಡಿಯೇ ಹಿಡಿದರು. ಆಮೇಲೆ ಅಂಚಿಗಷ್ಟೇ ಪ್ಲಾಸ್ಟಿಕ್ ಪಟ್ಟಿ ಸುತ್ತುವುದು, ಹೊತ್ತು ನೋಡಿ ಬೋರಲು ತಿರುಗಿಸುವುದು, ಫ್ಯಾನ್ ಯಾರಾದರೂ ಹಾಕಿದರೆ ಗದರುವುದು, ಎಲ್ಲ ಅವರ ಇಲಾಖೆಗೆ ಸೇರಿತು. ಬಟ್ಟಲನ್ನು ಕೆನ್ನೆಗೆ ಹಿಡಿದು ನೋಡುವುದನ್ನು ಮಾತ್ರ ನಾನು ಹೇಳಿಕೊಟ್ಟೆ. ಒಳಗಿನ ನೀರು ಆವಿಯಾಗುತ್ತಿರುವಷ್ಟು ಕಾಲ ಮಣ್ಣು ತಣ್ಣಗಿರುತ್ತದೆ. ಆ ತಣ್ಣನೆ ಹೋದ ಮೇಲೇ ಅದು ಆವಿಗೆಗೆ ಹೋಗಬಹುದು. ಈಗ ನಾನು ಆತುರಪಟ್ಟರೆ ಅತ್ತೆ ಕನ್ನಡಕ ತೆಗೆದಿಟ್ಟು, ಬಟ್ಟಲನ್ನು ಕೆನ್ನೆಗೊತ್ತಿ, ಕಣ್ಣು ಮುಚ್ಚಿ, "ಇಲ್ಲ, ನಾಳೆ" ಅನ್ನುತ್ತಾರೆ. ಅವರ 'ನಾಳೆ'ಯನ್ನು ಮೀರುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ನಮ್ಮ ಮೇಷ್ಟ್ರ ಬಗ್ಗೆ ಎಷ್ಟು ಬರೆದರೂ ಸಾಲದು, ಬರೆದದ್ದನ್ನು ಅವರು ಓದುವುದೂ ಅನುಮಾನ. ಮೊದಲಿಗೆ ಮಣ್ಣು ನಾದಿಸಿದರು. ಹಿಟ್ಟು ನಾದಿದ ಕೈಗೆ ಇದೇನು ಹೊಸದೇ ಎನ್ನುವ ನನ್ನ ಮುಖಭಾವ ನೋಡಿ, "ಹಿಟ್ಟಿನೊಳಗೆ ಗಾಳಿ ಸೇರಿದರೆ ಲಾಭ, ಮಣ್ಣಿನೊಳಗೆ ಸೇರಿದರೆ ನಷ್ಟ. ಮಡಚಬೇಡಿ, ಒತ್ತಿ ತಿರುಗಿಸಿ" ಅಂದರು. ಆಮೇಲೆ ಸೆಂಟರಿಂಗ್. ತಿರುಗುವ ಮುದ್ದೆಯನ್ನು ನಟ್ಟನಡುವೆ ನಿಲ್ಲಿಸುವ ಈ ಒಂದು ಕೆಲಸ ಎಷ್ಟೋ ಜನರನ್ನು ಮೊದಲ ತಿಂಗಳಲ್ಲೇ ಮನೆಗೆ ಕಳಿಸುತ್ತದೆ. ತೋಳಿನ ಬಲದಿಂದ ಅದು ಆಗುವುದಲ್ಲ. ಮೊಣಕೈಯನ್ನು ತೊಡೆಗೋ ಹೊಟ್ಟೆಗೋ ಊರಿ, ಮೈಭಾರವನ್ನೇ ಮಣ್ಣಿನ ಮೇಲೆ ಬಿಟ್ಟು, ಕೈ ಅಲುಗದಂತೆ ಹಿಡಿದರೆ ಮಣ್ಣೇ ಬಂದು ಕೈಗೆ ಹೊಂದಿಕೊಳ್ಳುತ್ತದೆ. ಕೈ ತೆಗೆಯುವಾಗಲೂ ಮೆಲ್ಲಗೆ ತೆಗೆಯಬೇಕು, ಫಕ್ಕನೆ ಬಿಟ್ಟರೆ ಸರಿಹೋದದ್ದು ಮತ್ತೆ ಕುಣಿಯಲು ಶುರುಮಾಡುತ್ತದೆ.

ಮೇಷ್ಟ್ರ ಕ್ರೂರ ಪದ್ಧತಿ ಒಂದಿತ್ತು. ಕೆಟ್ಟು ಬಂದ ಮಡಕೆಯ ತಂಟೆಗೆ ಹೋಗುತ್ತಿರಲಿಲ್ಲ, ಚೆನ್ನಾಗಿ ಬಂದದ್ದನ್ನೇ ಆರಿಸಿ ತಂತಿಯಿಂದ ಮೇಲಿಂದ ಕೆಳಗೆ ಎರಡು ಹೋಳು ಮಾಡುತ್ತಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಇಲ್ಲಿ ದೊಣ್ಣೆ ಹಿಡಿದವರು ಕಲಿಸುವವರೇ. ಹೋಳನ್ನು ಕೈಗೆ ಕೊಟ್ಟು "ನೋಡಿ" ಅನ್ನುವರು. ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು, ತಳದ ಮೂಲೆಯಲ್ಲಿ ಎಷ್ಟು ಮಣ್ಣು ಸುಮ್ಮನೆ ಕೂತಿದೆ, ಎಲ್ಲ ಅಲ್ಲಿ ಬಯಲು. ಹೊರಗಿನಿಂದ ಅಷ್ಟು ಚಂದ ಕಂಡದ್ದರ ಒಳಗು ಹೀಗಿತ್ತೇ ಅನ್ನಿಸುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು ಎನ್ನುವುದೂ ನಿಜ. ಆದರೆ ಇವತ್ತು ನನ್ನ ಬಟ್ಟಲನ್ನು ಎತ್ತಿದವರು "ಎಷ್ಟು ಹಗುರ!" ಅಂದರೆ ಅದು ಆ ತಂತಿಯ ಪುಣ್ಯ.

ಸಮಯದ ವಿಚಾರದಲ್ಲೂ ಅವರದೇ ಒಂದು ಉಪಾಯ ನನ್ನನ್ನು ಉಳಿಸಿತು. ಅರ್ಧ ಗಂಟೆ ಮಾತ್ರ ಇದೆ ಅನ್ನುವ ದಿನ ದೊಡ್ಡ ಮುದ್ದೆಯೊಂದನ್ನು ತಿಗರಿಗೆ ಹಾಕಿ, ಅದರ ತುದಿಯನ್ನಷ್ಟೇ ಸೆಂಟರ್ ಮಾಡಿ, ಅಲ್ಲೇ ಒಂದು ಕುಡಿಕೆ ಎತ್ತಿ ಕೊಯ್ದು, ಉಳಿದ ಮುದ್ದೆಯಲ್ಲೇ ಮುಂದಿನದು ಮಾಡುವುದು. ಪ್ರತಿಸಲ ಮೊದಲಿನಿಂದ ಮಣ್ಣು ಕೂರಿಸುವ ಕಷ್ಟವಿಲ್ಲ. ತಳವನ್ನು ಬೆರಳಿನಿಂದ ಚೆನ್ನಾಗಿ ಒತ್ತಿ ಬಿಗಿಮಾಡದಿದ್ದರೆ ಒಣಗುವಾಗ ಅಲ್ಲಿ ಎಸ್ ಆಕಾರದ ಬಿರುಕು ಬೀಳುತ್ತದೆ, ಅದೊಂದು ಎಚ್ಚರ ಬೇಕು. ಬರೀ ಪುಟ್ಟಪುಟ್ಟದ್ದೇ ಮಾಡುತ್ತಿದ್ದೇನೆ ಅಂತ ಗೊಣಗಿದ್ದಕ್ಕೆ ಮೇಷ್ಟ್ರು ಲೂಸಿ ರೀ ಕಥೆ ಹೇಳಿದರು. 1938ರಲ್ಲಿ ವಿಯೆನ್ನಾ ಬಿಟ್ಟು ಲಂಡನ್ನಿಗೆ ಬಂದ ಆಕೆ ಯುದ್ಧದ ವರ್ಷಗಳಲ್ಲಿ ಹೊಟ್ಟೆಪಾಡಿಗೆ ಬಟ್ಟೆಯ ಗುಂಡಿಗಳನ್ನು ಸೆರಾಮಿಕ್‌ನಲ್ಲಿ ಮಾಡಿದರು. ಆಮೇಲೆ ಇಪ್ಪತ್ತನೆಯ ಶತಮಾನದ ದೊಡ್ಡ ಕುಂಭಕಲಾವಿದರಲ್ಲಿ ಒಬ್ಬರಾದರು. "ನಿಮ್ಮದು ಗುಂಡಿಗಿಂತ ದೊಡ್ಡದೇ ಇದೆ, ಮಾಡಿ" ಅಂದರು ಮೇಷ್ಟ್ರು.

ಇನ್ನು ನಮ್ಮ ಮನೆಯವರು. ಇವರಿಗೆ ಮಣ್ಣಿನ ಬಗ್ಗೆ ಒಂದಿಷ್ಟೂ ಆಸಕ್ತಿಯಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ಸಿಂಕ್ ಕಟ್ಟಿಕೊಳ್ಳುವುದರ ಬಗ್ಗೆ ಭಾರಿ ಕಾಳಜಿ. ಅದರ ಫಲವೇ ನಮ್ಮ ಬಕೆಟ್ ವ್ಯವಸ್ಥೆ: ಕೈ, ಉಪಕರಣ, ಏಪ್ರನ್ ಎಲ್ಲ ಮೊದಲ ಬಕೆಟ್ಟಿನಲ್ಲಿ, ಕೆಸರು ತಳಕ್ಕಿಳಿದ ಮೇಲೆ ಮೇಲಿನ ತಿಳಿನೀರು ಎರಡನೆಯದಕ್ಕೆ, ತಳದ ಕೆಸರು ಮತ್ತೆ ಹದ ಮಾಡಿ ಬಳಸುವ ಮಣ್ಣಿನ ಡಬ್ಬಿಗೆ. ಒಣಮಣ್ಣನ್ನು ಪೊರಕೆಯಿಂದ ಗುಡಿಸಬಾರದು, ಅದರ ಸಿಲಿಕಾ ದೂಳು ವರ್ಷಗಟ್ಟಲೆ ಉಸಿರಿಗೆ ಹೋದರೆ ಶ್ವಾಸಕೋಶ ಹಾಳು ಅಂತ ನಾನು ಒಮ್ಮೆ ಹೇಳಿದ್ದಷ್ಟೇ. ಅವತ್ತಿನಿಂದ ರಾತ್ರಿ ಒದ್ದೆ ಬಟ್ಟೆ ಹಿಡಿದು ನೆಲ ಒರೆಸುವ ಕೆಲಸ ಇವರ ಪಾಲಿಗೆ ಹೋಗಿದೆ. ನಾನು ತಿಗರಿಯಿಂದ ಏಳುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ, ನಾಳೆಯ ಬ್ಯಾಗು ತುಂಬಿ ಬಾಗಿಲ ಬಳಿ ಇರುತ್ತದೆ. ಇವರು ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ನಾನು ಇಲ್ಲಿ ಆಡುತ್ತಿದ್ದೇನೆ.

ಮಕ್ಕಳೇ, ನಿಮ್ಮ ಪಾಲೂ ಇದರಲ್ಲಿದೆ. ಅಡುಗೆಮನೆಯ ತಕ್ಕಡಿಯಲ್ಲಿ ಪ್ರತಿ ಉಂಡೆಯೂ 500 ಗ್ರಾಂ ತೂಗುವಂತೆ ಚಿಟಿಕೆ ಹಾಕಿ ಚಿಟಿಕೆ ತೆಗೆದು ಕೊಟ್ಟವನು ಮಗ. ಸೆಟ್ ಒಂದೇ ಅಳತೆಗೆ ಬಂದದ್ದರ ಅರ್ಧ ಗುಟ್ಟು ಆ ತೂಕದಲ್ಲಿದೆ, ಇನ್ನರ್ಧ ತಿಗರಿಯ ಪಕ್ಕ ನಿಲ್ಲಿಸಿದ ಕಡ್ಡಿಯಲ್ಲಿ: ಅಂಚು ಅದರ ತುದಿಗೆ ಬಂದರೆ ನಿಲ್ಲಿಸು. ಸುಟ್ಟಾಗ ಗಾಜಿನ ಹೊಳಪು ಕೊಡುವ ಗ್ಲೇಜ್ ಎಂಬ ಲೇಪದಲ್ಲಿ ಅದ್ದಿದ ಮೇಲೆ ಪ್ರತಿ ಬಟ್ಟಲಿನ ಪಾದವನ್ನು ಸ್ಪಂಜಿನಿಂದ ಒರೆಸಿದವಳು ಮಗಳು. ಅಲ್ಲೊಂದು ಹನಿ ಗ್ಲೇಜ್ ಉಳಿದರೂ ಅದು ಕರಗಿ ಗಾಜಾಗಿ ಬಟ್ಟಲನ್ನು ಆವಿಗೆಯ ಹಲಗೆಗೆ ಅಂಟಿಸಿಬಿಡುತ್ತದೆ. ಅದಕ್ಕೂ ಮುಂಚೆ, ಪೂರ್ತಿ ಒಣಗಿ ಬಿಸ್ಕತ್ತಿಗಿಂತ ಬೇಗ ಮುರಿಯುವಂತಿದ್ದ, ಇನ್ನೂ ಸುಡದ ಬಟ್ಟಲುಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರೂ ತೊಡೆಯ ಮೇಲೆ ಹಲಗೆ ಹಿಡಿದು ಮೇಷ್ಟ್ರ ಮನೆಯವರೆಗೆ ಸಾಗಿಸಿದಿರಿ. ಉಬ್ಬು ಕಂಡಾಗಲೆಲ್ಲ "ಅಪ್ಪಾ, ಹಂಪ್!" ಎಂದು ಒಟ್ಟಿಗೆ ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ದಾರಿಯುದ್ದಕ್ಕೂ ಇಬ್ಬರೂ ಜಗಳವಾಡಲಿಲ್ಲ, ಅದು ಬೇರೆಯದೇ ಪವಾಡ.

ನಡುವೆ ಮಾವನವರ ಆಪರೇಷನ್ ಆಯಿತು. ಆಸ್ಪತ್ರೆ, ಮನೆ, ಔಷಧಿ, ಮತ್ತೆ ಆಸ್ಪತ್ರೆ. ಹವ್ಯಾಸ ಅನ್ನುವ ಮಾತೇ ಬಾಯಿಗೆ ಬರುವ ಹಾಗಿರಲಿಲ್ಲ, ಬಂದಿದ್ದರೆ ನನಗೇ ನಾಚಿಕೆಯಾಗುತ್ತಿತ್ತು. ಕ್ಲಾಸಿನಲ್ಲಿ ನಾನು ಮಾಡಿಟ್ಟಿದ್ದ ಹೂಜಿ ಮತ್ತು ಕೆಲವು ಬಟ್ಟಲು ಒಣಗಿ ಕಸವಾಗಿರುತ್ತವೆ ಅಂದುಕೊಂಡು ಕೈಬಿಟ್ಟಿದ್ದೆ. ವಾರಗಳ ಮೇಲೆ ಹೋದರೆ, ಜೊತೆಗೆ ಕಲಿಯುತ್ತಿದ್ದ ಗೆಳತಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಮುಂದಿಟ್ಟಳು. ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹುಯ್ದು ಗಟ್ಟಿ ಮಾಡಿದ್ದಳು. ಪ್ಲಾಸ್ಟರ್ ನೀರು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ, ಮುಚ್ಚಿದ ಪೆಟ್ಟಿಗೆಯ ಒಳಗಿನ ಗಾಳಿ ಸದಾ ತೇವ. ಆಗಾಗ ಒಂದು ಲೋಟ ನೀರು ಸುರಿದರೆ ಒಳಗಿಟ್ಟ ಮಣ್ಣು ವಾರಗಟ್ಟಲೆ ಅದೇ ಹದದಲ್ಲಿ ಇರುತ್ತದೆ. ಮುಚ್ಚಳ ತೆಗೆದೆ. ಹೂಜಿಯ ಹೊಟ್ಟೆಗೆ ಉಗುರು ಒತ್ತಿದೆ. ಗುರುತು ಬಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ, ಸುತ್ತಲಿದ್ದವರು ಕಂಡೂ ಕಾಣದಂತೆ ತಮ್ಮ ತಮ್ಮ ತಿಗರಿ ನೋಡಿಕೊಂಡರು. ಅದಕ್ಕೂ ಥ್ಯಾಂಕ್ಸ್. ಮನೆ ತುಂಬ ಕೆಲಸವಿಟ್ಟುಕೊಂಡು ಇದನ್ನು ಕಲಿಯಲು ಹೊರಟವರಿಗೆ ನಾನು ಹೇಳುವುದಿಷ್ಟೇ: ತಿಗರಿ ಆಮೇಲೆ ಕೊಳ್ಳಿ, ಮೊದಲು ಈ ಪೆಟ್ಟಿಗೆ ಮಾಡಿಕೊಳ್ಳಿ.

ಮಾವ ಈಗ ಚೆನ್ನಾಗಿದ್ದಾರೆ. ಆ ಹೂಜಿ ಅವರ ಮಂಚದ ಪಕ್ಕದಲ್ಲಿದೆ.

ಬದುಕಿಲ್ಲದ ಒಬ್ಬರಿಗೂ ಋಣವಿದೆ. ಬರ್ಲಿನ್‌ನ ಪಿಂಗಾಣಿ ಕಾರ್ಖಾನೆಯಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದ ಹರ್ಮನ್ ಸೇಗರ್ 1886ರಲ್ಲಿ ಪುಟ್ಟ ಕೋನುಗಳನ್ನು ರೂಪಿಸಿದರು. ಗೊತ್ತಾದ ಮಿಶ್ರಣದಿಂದ ಮಾಡಿದ ಆ ಕೋನುಗಳು ಗೊತ್ತಾದ ಶಾಖದಲ್ಲಿ ಮೆತ್ತಗಾಗಿ ತಲೆಬಾಗುತ್ತವೆ. ಮೀಟರ್ ತೋರಿಸುವುದು ಆ ಗಳಿಗೆಯ ಡಿಗ್ರಿ ಮಾತ್ರ. ಕೋನು ಎಷ್ಟು ಹೊತ್ತು ಎಷ್ಟು ಶಾಖ ಉಂಡಿತು ಎನ್ನುವುದನ್ನೂ ಹೇಳುತ್ತದೆ, ಮಡಕೆಗೆ ಬೇಕಾದದ್ದೂ ಅದೇ. ಆವಿಗೆ ಆತುರಗಾರರ ಜಾಗವಲ್ಲ. ಮೊದಲು ನೂರು ಡಿಗ್ರಿಯ ಕೆಳಗೇ ಗಂಟೆಗಟ್ಟಲೆ ಇಡಬೇಕು, ಒಳಗುಳಿದ ತೇವ ಫಕ್ಕನೆ ಆವಿಯಾದರೆ ಮಡಕೆ ಸಿಡಿಯುತ್ತದೆ. 573 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಜ್ ಎಂಬ ಖನಿಜ ಏಕಾಏಕಿ ಹಿಗ್ಗುತ್ತದೆ, ತಣಿಯುವಾಗ ಅದೇ ಜಾಗದಲ್ಲಿ ಕುಗ್ಗುತ್ತದೆ, ಎರಡೂ ಸಲ ಮೆಲ್ಲಗೆ ದಾಟಬೇಕು. ಸುಮಾರು 1000 ಡಿಗ್ರಿಗೆ ಮೊದಲ ಸುಡುವಿಕೆ, ಗ್ಲೇಜ್ ಬಳಿದು ಹೆಚ್ಚು ಶಾಖದಲ್ಲಿ ಸುಡುವ ನಮ್ಮ ಸ್ಟೋನ್‌ವೇರ್ ಮಣ್ಣಿಗೆ 1200 ದಾಟಿ ಎರಡನೆಯದು. ಮತ್ತೆ ಅಷ್ಟೇ ನಿಧಾನಕ್ಕೆ ತಣಿಯಬೇಕು. ಕೊನೆಗೆ ಬಾಗಿಲು ತೆರೆದಾಗ ಮೊದಲು ಕಂಡದ್ದು ಬಾಗಿ ನಿಂತ ಕೋನು. ಮೇಷ್ಟ್ರು ಬಟ್ಟಲು ನೋಡುವ ಮೊದಲೇ ಅದನ್ನು ನೋಡಿ "ಆಯ್ತು" ಅಂದರು.

ಆಫೀಸಿನಲ್ಲಿ ಶುಕ್ರವಾರ ಸಂಜೆಯ ಮೀಟಿಂಗನ್ನು ಬೆಳಿಗ್ಗೆಗೆ ಎಳೆದುಕೊಂಡ ಸಹೋದ್ಯೋಗಿಗಳಿಗೆ, ಮಕ್ಕಳನ್ನು ಕ್ಲಾಸಿನ ದಿನ ತಮ್ಮ ಮನೆಯಲ್ಲಿ ಇಟ್ಟುಕೊಂಡ ಪಕ್ಕದ ಮನೆಯ ಅಕ್ಕನಿಗೆ, ಮೊದಲ ದಿನಗಳ ಡೊಂಕು ಕುಡಿಕೆಗಳನ್ನು ನಿಜವಾಗಿಯೂ ಮೇಜಿನ ಮೇಲಿಟ್ಟುಕೊಂಡ ತಮ್ಮನಿಗೆ ನಮಸ್ಕಾರ. "ಇದರಿಂದ ಏನು ಉಪಯೋಗ, ಮಾರ್ತೀಯಾ?" ಎಂದು ಕೇಳಿದವರಿಗೂ ಬೇಸರವಿಲ್ಲದೆ ಹೇಳುತ್ತೇನೆ, ಮಾರುವುದಿಲ್ಲ. ಮಾರಿದರೆ ಇಷ್ಟು ಜನಕ್ಕೆ ಪಾಲು ಹಂಚುವುದು ನನ್ನಿಂದಾಗದು.

ಬಟ್ಟಲು ಬೇಕು ಅಂದವರ ಪಟ್ಟಿ ಮಗಳ ಹತ್ತಿರ ಇದೆ, ಹೆಸರು ಅವಳಿಗೇ ಕೊಡಿ. ಒಣಗುವುದು, ಸುಡುವುದು ಎಲ್ಲ ಸೇರಿ ಮಣ್ಣು ನೂರಕ್ಕೆ ಹತ್ತರಷ್ಟಾದರೂ ಕುಗ್ಗುತ್ತದೆ, ಆದ್ದರಿಂದ ನಾನು ಹಸಿಯಲ್ಲಿ ಕಳಿಸುವ ಫೋಟೊ ನೋಡಿ "ಇದೇ ಸೈಜ್ ಇರಲಿ" ಅನ್ನಬೇಡಿ. ಮುಂದಿನ ಸುಡುವಿಕೆ ಯಾವಾಗ ಅಂತಲೂ ನನ್ನನ್ನು ಕೇಳಬೇಡಿ. ಅತ್ತೆಯನ್ನು ಕೇಳಿ.