ನೀರು ಬಿಟ್ಟದ್ದು ನಾನೇ

ಪೆರ್ಲ
ಮೇ 20

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದ. ನಾವಿಬ್ಬರೂ ಸೌಖ್ಯ.

ಮೊನ್ನೆ ಫೋನಿನಲ್ಲಿ "ಶೆಡ್ಡಿನ ನೆಲ ಹೇಗಾಗಿದೆ ಅಪ್ಪ" ಅಂತ ಎರಡು ಸಲ ಕೇಳಿದೆ. ಎರಡು ಸಲವೂ "ಲಾಯ್ಕಾಗಿದೆ" ಅಂದೆ. ಪೂರ್ತಿ ಸುಳ್ಳಲ್ಲ. ಮುಕ್ಕಾಲು ಭಾಗ ಲಾಯ್ಕೇ ಆಗಿದೆ. ಉಳಿದ ಕಾಲು ಭಾಗದ ಕಥೆ ಅಮ್ಮನ ಎದುರು ಹೇಳುವ ಹಾಗಿರಲಿಲ್ಲ. ಅವಳಿಗೆ ಗೊತ್ತಾದರೆ ಮಳೆಗಾಲ ಮುಗಿಯುವವರೆಗೂ ಅದೇ ಮಾತು. ನೀನು ಬಂದು ಬಗ್ಗಿ ನೋಡಿ ಕಂಡುಹಿಡಿಯುವ ಮೊದಲು ನಾನೇ ಬರೆದುಬಿಡುತ್ತೇನೆ.

ಕಾರಿನ ಶೆಡ್ಡಿಗೆ ಹಟ್ಟಿ ಇದ್ದ ಜಾಗವನ್ನೇ ಆರಿಸಿದೆವು ಅಂತ ನಿನಗೆ ಗೊತ್ತು. ಹಸು ಮಾರಿದ ಮೇಲೆ ಅಲ್ಲಿ ಹಳೆ ಪೈಪು, ಹರಿದ ಟರ್ಪಾಲು ಬಿಟ್ಟರೆ ಬೇರೇನೂ ಇರಲಿಲ್ಲ. ಹಾಸುಗಲ್ಲು ಕಿತ್ತಾಗ ಒಂದು ವಿಷಯ ಗಮನಿಸಿದೆ. ಅಜ್ಜ ಕಲ್ಲುಗಳನ್ನು ತೋಟದ ಕಡೆಗೆ ಚೂರು ಇಳಿಜಾರಾಗಿ ಹಾಸಿದ್ದರು. ಗಂಜಲ ನಿಲ್ಲಬಾರದು ಅಂತ. ನಿನ್ನ ಡ್ರಾಯಿಂಗಿನಲ್ಲೂ 20 ಅಡಿಗೆ ಎರಡೂವರೆ ಇಂಚು ಇಳಿಜಾರು ಅಂತಿತ್ತು. ಮೇಸ್ತ್ರಿಗೆ ಅದು ಹಿಡಿಸಲಿಲ್ಲ. ನೆಲ ಅಂದರೆ ಮಟ್ಟವಾಗಿಯೇ ಇರಬೇಕು ಅಂತ ಅವನ ಹಟ. ಟ್ಯೂಬಿನಲ್ಲಿ ನೀರು ಹಿಡಿದು ನಾನೇ ಗುರುತು ಹಾಕಿಕೊಟ್ಟೆ. ಅಲ್ಲಿ ಸೋಲಲಿಲ್ಲ.

ತೋಟದ ಬದಿ ಒಂದೂವರೆ ಅಡಿ ಮಣ್ಣು ತುಂಬಿಸಬೇಕಿತ್ತು. ಜೆಸಿಬಿಯವನು ಒಂದೇ ಸಲಕ್ಕೆ ಸುರಿದುಬಿಡುತ್ತೇನೆ ಅಂದ. ಹಾಗೆ ಸುರಿದ ಮಣ್ಣು ಮೇಲೆ ಮಾತ್ರ ಗಟ್ಟಿ, ಒಳಗೆ ಟೊಳ್ಳು. ಎರಡು ಮಳೆಗಾಲ ಕಳೆದರೆ ಕೂತು, ಮೇಲಿನ ಕಾಂಕ್ರೀಟು ಒಡೆಯುತ್ತದೆ. ಅರ್ಧ ಅಡಿ ಮಣ್ಣು, ನೀರು, ದಮ್ಮಸು, ಮತ್ತೆ ಅರ್ಧ ಅಡಿ. ಮೂರು ದಿನ ಹಿಡಿಯಿತು. ಅಲ್ಲೂ ಸೋಲಲಿಲ್ಲ.

ಮೂಲೆಯಿಂದ ಮೂಲೆಗೆ ಅಳೆಯಲು ನೀನು ಹೇಳಿದ್ದು ನಿಜಕ್ಕೂ ಉಪಕಾರವಾಯಿತು. 20ಕ್ಕೆ 14 ಅಡಿ ಅಂದರೆ ಎರಡೂ ಕಡೆ ಓರೆಯಾಗಿ 24 ಅಡಿ 5 ಇಂಚು ಬರಬೇಕು. ಒಂದು ಕಡೆ ಸರಿ ಬಂತು, ಇನ್ನೊಂದು ಕಡೆ ಎರಡು ಇಂಚು ಜಾಸ್ತಿ. ಮೇಸ್ತ್ರಿ ಕಣ್ಣಳತೆಯಲ್ಲಿ ಹಲಗೆ ಕಟ್ಟಿದ್ದ. ಎರಡು ಇಂಚಲ್ವಾ, ಶೀಟು ಮುಚ್ಚಿದ ಮೇಲೆ ಯಾರು ನೋಡುತ್ತಾರೆ ಅಂದ. ಶೀಟೇ ನೋಡುತ್ತದೆ ಮಾರಾಯಾ, ಒಂದು ತುದಿಯಲ್ಲಿ ಸರಿಯಾಗಿ ಕೂತದ್ದು ಇನ್ನೊಂದು ತುದಿಯಲ್ಲಿ ಓರೆಯಾಗಿ ಹೊರಗೆ ಬರುತ್ತದೆ ಅಂದೆ. ಹಲಗೆ ಬಿಚ್ಚಿಸಿ ಮತ್ತೆ ಕಟ್ಟಿಸಿದೆ.

ಇಷ್ಟೆಲ್ಲ ಗೆದ್ದವನು ಸೋತದ್ದು ನೀರಿನಲ್ಲಿ.

ಕಂಬದ ಆರು ಗುಂಡಿಗಳನ್ನು ಹಿಂದಿನ ದಿನವೇ ತುಂಬಿಸಿದ್ದೆವು. ಅದು ಚೆನ್ನಾಗಿದೆ, ಆ ಬಗ್ಗೆ ಹೆದರಬೇಡ. ಮರುದಿನ ನೆಲ. ಐದು ಇಂಚು ದಪ್ಪ, 8 ಎಂಎಂ ಕಂಬಿ, ಎಂಟೆಂಟು ಇಂಚಿಗೆ. ಲೆಕ್ಕಕ್ಕೆ 27 ಮೂಟೆ ಸಿಮೆಂಟು. ಒಂದು ಪಾಲು ಸಿಮೆಂಟಿಗೆ ಒಂದೂವರೆ ಹೊಯಿಗೆ, ಮೂರು ಜಲ್ಲಿ. ಏಳು ಗಂಟೆಗೆ ಬರುತ್ತೇವೆ ಅಂದ ಮಿಕ್ಸರ್ ಬಂದದ್ದು ಹತ್ತಕ್ಕೆ. ಏಪ್ರಿಲ್ ಬಿಸಿಲು ಹೇಗಿರುತ್ತದೆ ಅಂತ ನಿನಗೇನು ಹೇಳುವುದು.

ಡ್ರಾಯಿಂಗಿನ ಮೂಲೆಯಲ್ಲಿ ನೀನು ಕೆಂಪು ಶಾಯಿಯಲ್ಲಿ ಬರೆದಿದ್ದೆ: ಮೂಟೆಗೆ 25 ಲೀಟರು ನೀರು, ಹೊಯಿಗೆ ಒದ್ದೆ ಇದ್ದರೆ ಇನ್ನೂ ಕಮ್ಮಿ. ಮೊದಲ 20 ಮೂಟೆಗೆ ನಾನು ಬಾಲ್ದಿ ಹಿಡಿದು ಕಾವಲು ನಿಂತಿದ್ದೆ. ಮಧ್ಯಾಹ್ನ ದಾಟಿದ ಮೇಲೆ ಮಿಶ್ರಣ ಗಟ್ಟಿಯಾಗತೊಡಗಿತು. ಎಳೆದು ಹರಡಲು ಅವರಿಗೆ ಕಷ್ಟ. ಕಾಞಂಗಾಡಿನ ಮೇಸ್ತ್ರಿ "ವೆಳ್ಳಂ" ಅಂದ. ನಮ್ಮ ಊರಿನ ಇಬ್ಬರು "ನೀರ್ ಬುಡ್ಲೆ" ಅಂದರು. ಮಿಕ್ಸರಿನ ಬಂಗಾಳಿ ಹುಡುಗ "ಪಾನಿ, ಪಾನಿ" ಅಂದ. ಮೂರು ಭಾಷೆಯಲ್ಲಿ ಕೇಳಿದರು, ಪೈಪು ಬಿಟ್ಟದ್ದು ನಾನೇ. ಅಳತೆಯೂ ಇಲ್ಲ, ಬಾಲ್ದಿಯೂ ಇಲ್ಲ. ಹಸಿವಾಗಿತ್ತು. ಒಮ್ಮೆ ಮುಗಿದರೆ ಸಾಕು ಅನ್ನಿಸಿತ್ತು.

ನಗು ಬರುವುದು ಯಾಕೆ ಅಂದರೆ, ಅದು ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು. ಏಪ್ರಿಲ್‌ನಲ್ಲಿ ನಮ್ಮ ಸುರಂಗದಲ್ಲಿ ನೀರು ನೂಲಿನ ಹಾಗೆ ಬರುತ್ತದೆ. ಬೇಸಗೆಯಿಡೀ ನಿನ್ನ ಅಮ್ಮನಿಗೆ ಚೊಂಬು ಲೆಕ್ಕದಲ್ಲಿ ನೀರು ಕೊಟ್ಟವನು, ಬೇಡದ ಜಾಗಕ್ಕೆ ಧಾರಾಳ ಬಿಟ್ಟೆ.

ಸಿಮೆಂಟು ತನಗೆ ಬೇಕಾದಷ್ಟು ನೀರು ಕುಡಿಯುತ್ತದೆ. ಉಳಿದದ್ದು ಮೇಲೆ ಬರುತ್ತದೆ, ಬರುವಾಗ ಸಿಮೆಂಟಿನ ಹಾಲನ್ನೂ ಎಳೆದುಕೊಂಡು ಬರುತ್ತದೆ, ಒಳಗೆ ಸಣ್ಣ ಸಣ್ಣ ತೂತು ಬಿಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಆ ಕಡೆ ಗಂಜಿಯ ತೆಳಿಯ ಹಾಗೆ ನೀರು ನಿಂತಿತು. ಅದು ಆರುವವರೆಗೆ ಕಾಯಬೇಕಿತ್ತು. ಮೇಸ್ತ್ರಿ ಒಣ ಸಿಮೆಂಟು ಉದುರಿಸಿ ಕರಣೆಯಲ್ಲಿ ಉಜ್ಜಿದ. ನೋಡಲು ಕನ್ನಡಿಯ ಹಾಗೆ ನುಣುಪು. ನಾನೂ ಖುಷಿಪಟ್ಟೆ, ಅದೇ ಬೇಸರ.

ಮರುದಿನ ಕಟ್ಟರ್ ತಂದು ಹತ್ತಡಿಗೆ ಅಡ್ಡ ಗೆರೆ ಕೊಯ್ಸಿದೆ, ಒಂದೂಕಾಲು ಇಂಚು ಆಳ. ಒಡೆಯುವುದಿದ್ದರೆ ಅಲ್ಲೇ ಒಡೆಯಲಿ ಅಂತ. ಆಮೇಲೆ 14 ದಿನ ನೀರು ಹಾಕಿದೆ. ಕಾಂಕ್ರೀಟು ಒಣಗಿ ಗಟ್ಟಿಯಾಗುವುದಲ್ಲ, ಒದ್ದೆ ಇದ್ದಷ್ಟೂ ಗಟ್ಟಿಯಾಗುವುದು ಅಂತ ಅಮ್ಮನಿಗೆ ಎಷ್ಟು ಹೇಳಿದರೂ ನಂಬಿಕೆ ಬರಲಿಲ್ಲ. ತಗ್ಗಿನ ಬದಿಗೆ ಜೇಡಿಮಣ್ಣಿನ ಕಟ್ಟ ಕಟ್ಟಿ ನೀರು ನಿಲ್ಲಿಸಿದೆ. ಎತ್ತರದ ಬದಿಗೆ ಒದ್ದೆ ಗೋಣಿ, ಅದರ ಮೇಲೆ ಅಡಿಕೆ ಸೋಗೆ. "ನಿಮ್ಮ ನೆಲಕ್ಕೆ ದಿನಕ್ಕೆ ಎರಡು ಸ್ನಾನ, ನನ್ನ ಬಸಳೆಗೆ ಒಂದು ಚೊಂಬು ಇಲ್ಲ" ಅಂತ ಅವಳು ಆಚೆಮನೆಯವರಿಗೆಲ್ಲ ಹೇಳಿದ್ದಾಳೆ.

ಈಗ ಸ್ಥಿತಿ ಹೀಗಿದೆ. ಒಳಗಿನ ಮುಕ್ಕಾಲು ಭಾಗ ಕಲ್ಲಿನ ಹಾಗೆ. ಬಾಗಿಲ ಕಡೆಯ ಕಾಲು ಭಾಗದಲ್ಲಿ ಅಂಗೈ ಉಜ್ಜಿದರೆ ಬಿಳಿ ಹುಡಿ ಬರುತ್ತದೆ. ಗುಡಿಸಿದಷ್ಟೂ ಬರುತ್ತದೆ. ಅಲ್ಲೇ ಮೂಲೆಯಿಂದ ಒಂದು ಬಿರುಕು, ಮೊಳಕೈ ಉದ್ದ, ಕೂದಲೆಳೆಯಷ್ಟು ತೆಳು. ಉಗುರು ಹೋಗುವುದಿಲ್ಲ. ದಿನಾ ಬೆಳಿಗ್ಗೆ ಕಾಫಿ ಹಿಡಿದು ಹೋಗಿ ನೋಡುತ್ತೇನೆ. ಪೆನ್ಸಿಲಿನಲ್ಲಿ ತುದಿಗೆ ಗುರುತು ಹಾಕಿದ್ದೇನೆ. ಇಪ್ಪತ್ತು ದಿನದಿಂದ ಆ ಗುರುತು ದಾಟಿಲ್ಲ.

ಮೇಲೆ ತೆಳ್ಳಗೆ ಸಿಮೆಂಟು ಸಾರಿಸಿದರೆ ಎಲ್ಲ ಮುಚ್ಚಿಹೋಗುತ್ತದೆ ಅಂತ ಮೇಸ್ತ್ರಿಯ ಸಲಹೆ. ಬೇಡ ಅಂದೆ. ಹುಡಿ ಬರುವ ನೆಲದ ಮೇಲೆ ಸಾರಿಸಿದ್ದು ಹಪ್ಪಳದ ಹಾಗೆ ಏಳುತ್ತದೆ. ಮೇಲಿನ ಹುಡಿ ಪದರ ತಿಕ್ಕಿ ತೆಗೆದು, ನೆಲ ಗಟ್ಟಿ ಮಾಡುವ ಹಾರ್ಡನರ್ ಹಚ್ಚಬಹುದು ಅನ್ನಿಸುತ್ತದೆ. ನೀನು ನೋಡಿ ಹೇಳು, ಅಲ್ಲಿಯವರೆಗೆ ಮುಟ್ಟುವುದಿಲ್ಲ.

ಕಬ್ಬಿಣದ ಕೆಲಸದಲ್ಲಿ ಹೇಳುವಂಥದ್ದು ಕಮ್ಮಿ. ವೆಲ್ಡರ್ ಹುಷಾರು. ನೀನು ಹೇಳಿದ ಪ್ಲೈವುಡ್ ಅಚ್ಚಿನಿಂದ ಕಂಬದ ಬುಡದ 24 ಬೋಲ್ಟೂ ಪ್ಲೇಟಿನ ತೂತಿಗೆ ಸರಿ ಕೂತವು. ಅವನೇ ಆಶ್ಚರ್ಯಪಟ್ಟ. ವೆಲ್ಡ್ ಆದ ಜಾಗಕ್ಕೆಲ್ಲ ಅದೇ ದಿನ ಪ್ರೈಮರ್ ಹಚ್ಚಿಸಿದೆ. ಜೂನಿನ ಗಾಳಿ ಪಡುವಣದಿಂದ ನುಗ್ಗಿದರೆ ಶೀಟನ್ನು ಕೆಳಗಿನಿಂದ ಎತ್ತುತ್ತದಲ್ಲ, ಅದಕ್ಕೆ ಆ ಬದಿ ಪೂರ್ತಿ ಮುಚ್ಚಿಸಿದೆ. ಸ್ಕ್ರೂ ಹಾಕುವಾಗ ರಬ್ಬರ್ ವಾಷರ್ ಹಿಂಡಿ ಹೊರಗೆ ಬರುವಷ್ಟು ಬಿಗಿಯಬೇಡಿ ಅಂತ ಹೇಳಿ ಹೇಳಿ ನನ್ನ ಗಂಟಲು ಹೋಯಿತು.

ಕಳೆದ ವಾರ ಒಂದು ಗುಡುಗು ಮಳೆ ಬಂತು. ಶೀಟಿನ ಸದ್ದಿಗೆ ಟಿವಿ ಕೇಳಲಿಲ್ಲ ಅಂತ ಅಮ್ಮ. ನಾನು ಕೊಡೆ ಹಿಡಿದು ಹೋಗಿ ನೋಡಿದೆ. ಎರಚಲು ನೀರು ಒಂದು ಹನಿ ನಿಲ್ಲದೆ ತೋಟದ ಕಡೆಗೆ ಹೋಯಿತು, ಹಿಂದೆ ಹಟ್ಟಿಯಿಂದ ಹೋಗುತ್ತಿದ್ದ ದಾರಿಯಲ್ಲೇ.

ನಿನ್ನ ಕಾರಿನ ಮೇಲೆ ಕ್ಯಾರಿಯರ್ ಇದ್ದರೆ ಎತ್ತರ ಅಳೆದು ಹೇಳು. ಎದುರಿನ ಅಡ್ಡ ಪೈಪು ನೆಲದಿಂದ 7 ಅಡಿಗಿದೆ. ಇನ್ನೊಂದು. ಹುಡಿ ಏಳುವ ಆ ಮೂಲೆಯಲ್ಲಿ ಅಮ್ಮ ಈಗಾಗಲೇ ಮಳೆಗಾಲದ ಕಟ್ಟಿಗೆ ಪೇರಿಸಿದ್ದಾಳೆ. ಒಣ ಜಾಗ ಸುಮ್ನೆ ಖಾಲಿ ಬಿಡುವುದು ಯಾಕೆ ಅಂತ. ತೆಗೆಯಲು ಹೇಳುವ ಧೈರ್ಯ ನನಗಿಲ್ಲ. ನೀನೇ ಬಂದು ಹೇಳು.

ಇತಿ,
ಅಪ್ಪ