ಮಾಷ್ಟ್ರು, ಟೀಚರ್ ಗಲ್ಫಿಗೆ ಹೊರಡುವ ಮುಂಚೆ

ಮಾನ್ಯ ಸಂಪಾದಕರೇ,

ಜನವರಿ ಬಂತೆಂದರೆ ಮಂಗಳೂರು, ಉಡುಪಿಯ ಶಾಲೆಗಳ ಸ್ಟಾಫ್‌ರೂಮಿನಲ್ಲಿ ಒಬ್ಬಿಬ್ಬರಾದರೂ ದುಬೈ, ಮಸ್ಕತ್, ದೋಹಾದಿಂದ ಬಂದ ಆಫರ್ ಲೆಟರ್ ಹಿಡಿದು ಕೂತಿರುತ್ತಾರೆ. ಸಂಬಳದ ಲೆಕ್ಕ ಹಾಕಿದರೆ ಮನೆ ಸಾಲ ತೀರುವ ಖುಷಿ. ಹತ್ತನೇ ತರಗತಿಯ ಮಕ್ಕಳ ಮುಖ ನೋಡಿದರೆ ಅಳುಕು. ಇಂಥವರನ್ನು "ಒಳ್ಳೆ ಸಂಬಳ ಉಂಟಲ್ಲ, ಮತ್ತೆಂತ ಬೇಜಾರು?" ಎಂದು ಕೇಳುವುದು ನಮ್ಮಲ್ಲಿ ರೂಢಿ. ಹಾಗೆ ಕೇಳಿದ್ದರಿಂದ ಯಾರ ಬೇಜಾರೂ ಇಳಿಯುವುದಿಲ್ಲ. ಅವರ ದುಗುಡದಲ್ಲಿ ಎರಡು ಬೆರೆತಿರುತ್ತವೆ. ಊರು, ಅಪ್ಪ-ಅಮ್ಮ, ತರಗತಿ ಬಿಡುವ ಸಂಕಟ ಒಂದು, ಅದು ಇರುವಂಥದ್ದೇ. ಇನ್ನೊಂದು ಕಾಗದಪತ್ರದ ಗೊಂದಲ ಹುಟ್ಟಿಸುವ ಹೆದರಿಕೆ. ಆರು ತಿಂಗಳು ಮುಂಚೆ ಕೂತರೆ ಈ ಎರಡನೆಯದನ್ನು ಬಹುಪಾಲು ತೆಗೆದುಹಾಕಬಹುದು.

ಮೊದಲ ಎಡವಟ್ಟು ಲ್ಯಾಮಿನೇಶನ್. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಪಾಟಿನ ಕಾಗದಕ್ಕೂ ಬೂಸ್ಟು ಹಿಡಿಯುತ್ತದೆ. ಅದಕ್ಕೇ ಪದವಿ ಪತ್ರವನ್ನು ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಸಿ ಇಡುವ ಮನೆಗಳು ಬಹಳ. ಆದರೆ ದೃಢೀಕರಣದ, ಅಂದರೆ ಪತ್ರ ಅಸಲಿ ಎಂದು ಸರ್ಕಾರಿ ಕಚೇರಿಗಳು ಹಾಕುವ ಮೊಹರು, ಸ್ಟಿಕ್ಕರ್ ಬೀಳುವುದು ಮೂಲ ಪ್ರತಿಯ ಹಿಂಬದಿಯ ಮೇಲೆ. ಪ್ಲಾಸ್ಟಿಕ್ ಬಿಡಿಸಲೇಬೇಕಾಗುತ್ತದೆ, ಬಿಡಿಸುವಾಗ ಕುಲಸಚಿವರ ಸಹಿಯ ಶಾಯಿ, ಕೆಲವೊಮ್ಮೆ ಕಾಗದದ ಮೇಲ್ಪದರವೇ ಅದರ ಜೊತೆ ಎದ್ದು ಬರುತ್ತದೆ. ಆಮೇಲೆ ಉಳಿಯುವ ದಾರಿ ಎಂದರೆ ವಿಶ್ವವಿದ್ಯಾಲಯದಿಂದ ದ್ವಿಪ್ರತಿ. ತೆರೆದ ಬಾಯಿಯ ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟು, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಸಾಕು. ಪ್ರೊವಿಷನಲ್ ಸರ್ಟಿಫಿಕೇಟಿನಲ್ಲೇ ವರ್ಷಗಟ್ಟಲೆ ದಿನ ದೂಡಿದವರು ಘಟಿಕೋತ್ಸವದ ಪದವಿ ಪತ್ರಕ್ಕೆ ಇಂದೇ ಅರ್ಜಿ ಹಾಕಲಿ. ಬಿ.ಎಡ್. ಪದವಿಗೂ ಇದೇ ಮಾತು.

ಎರಡನೆಯದು ಹೆಸರು. ನಮ್ಮ ಇನಿಶಿಯಲ್ ಒಬ್ಬರಿಗೆ ತಂದೆಯ ಹೆಸರು, ಇನ್ನೊಬ್ಬರಿಗೆ ಊರು, ಮತ್ತೊಬ್ಬರಿಗೆ ಮನೆತನ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಸುಮತಿ ಕೆ.', ಪಾಸ್‌ಪೋರ್ಟಿನಲ್ಲಿ ಬರೀ 'ಸುಮತಿ', ಆಧಾರಿನಲ್ಲಿ ಗಂಡನ ಹೆಸರು ಸೇರಿದ 'ಸುಮತಿ' ಇದ್ದರೆ ಮೂವರೂ ಒಬ್ಬರೇ ಎಂದು ಅಲ್ಲಿನ ಕಚೇರಿ ತಾನಾಗಿ ನಂಬುವುದಿಲ್ಲ. ಒಂದೇ ಪದದ ಹೆಸರಿದ್ದು, ತಂದೆಯ ಅಥವಾ ಮನೆತನದ ಹೆಸರು ಇನ್ನೊಂದು ಪುಟದಲ್ಲೂ ಇಲ್ಲದ ಪಾಸ್‌ಪೋರ್ಟಿಗೆ ದುಬೈ ಸೇರಿದ ಯುಎಇ ದೇಶ 2022ರ ನವೆಂಬರಿನಿಂದ ಸಂದರ್ಶಕ ವೀಸಾವನ್ನೇ ನಿರಾಕರಿಸುತ್ತಿದೆ. ಇನಿಶಿಯಲ್ಲನ್ನು ಪೂರ್ತಿ ಹೆಸರಾಗಿ ಬರೆಸಿ ಪಾಸ್‌ಪೋರ್ಟ್ ಸರಿಪಡಿಸುವ ಕೆಲಸ ಎಲ್ಲಕ್ಕಿಂತ ಮೊದಲು ಆಗಬೇಕು, ಏಕೆಂದರೆ ವೀಸಾ, ಪೊಲೀಸ್ ಕ್ಲಿಯರೆನ್ಸ್ (ಅಪರಾಧ ಪ್ರಕರಣ ಇಲ್ಲವೆಂಬ ಪತ್ರ), ವೈದ್ಯಕೀಯ ವರದಿ ಎಲ್ಲವೂ ಅದೇ ಹೆಸರನ್ನು ಹಿಡಿದುಕೊಂಡು ನಡೆಯುತ್ತವೆ.

ದೃಢೀಕರಣಕ್ಕೆ ದೇಶ ನೋಡಿ ದಾರಿ. ಒಮಾನ್, ಬಹರೈನ್, 2022ರ ಡಿಸೆಂಬರಿನಿಂದ ಸೌದಿ ಅರೇಬಿಯಾ ಅಪೋಸ್ಟಿಲ್ (ದೂತಾವಾಸದ ಮೊಹರು ಬೇಡದಂತೆ ಮಾಡುವ ಅಂತರರಾಷ್ಟ್ರೀಯ ದೃಢೀಕರಣ) ಒಪ್ಪುವ ದೇಶಗಳು. ರಾಜ್ಯ ಸರ್ಕಾರದ ದೃಢೀಕರಣದ ಮೇಲೆ ನಮ್ಮ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಬಿದ್ದರೆ ಇಲ್ಲಿನ ಕೆಲಸ ಮುಗಿಯಿತು. ಯುಎಇ, ಕತಾರ್, ಕುವೈತಿಗಾದರೆ ಸಚಿವಾಲಯದ ನಂತರ ಆ ದೇಶದ ದೂತಾವಾಸ, ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆ. ಒಂದು ಮೆಟ್ಟಿಲು ತಪ್ಪಿದರೆ ಮುಂದಿನವರು ಕಾಗದ ಮುಟ್ಟುವುದಿಲ್ಲ. ಗಂಡ ಅಥವಾ ಹೆಂಡತಿ, ಮಕ್ಕಳನ್ನು ಕರೆಸಿಕೊಳ್ಳುವವರು ವಿವಾಹ ನೋಂದಣಿ ಪತ್ರ, ಮಗುವಿನ ಹೆಸರು ಸೇರಿಸಿದ ಜನನ ಪ್ರಮಾಣಪತ್ರವನ್ನೂ ಇದೇ ಸುತ್ತಿನಲ್ಲಿ ಕಳಿಸಲಿ. ಮದುವೆಗೆ ದೇವಸ್ಥಾನದ, ಸಭಾಭವನದ ರಶೀದಿ ನಡೆಯುವುದಿಲ್ಲ, ಉಪನೋಂದಣಿ ಕಚೇರಿಯದೇ ಬೇಕು. ಪೊಲೀಸ್ ಕ್ಲಿಯರೆನ್ಸ್ ಮಾತ್ರ ಕೊನೆಗಿರಲಿ, ಹಳತಾದರೆ ತಿರಸ್ಕರಿಸುತ್ತಾರೆ. ಹಿಂದೆ ಕ್ಷಯ ಬಂದು ವಾಸಿಯಾದವರ ಎದೆಯ ಎಕ್ಸ್‌ರೇಯಲ್ಲಿ ಹಳೇ ಕಲೆ ಕಂಡರೂ ವೀಸಾದ ವೈದ್ಯಕೀಯ ಪರೀಕ್ಷೆಯಲ್ಲಿ ಅನ್‌ಫಿಟ್ ಎನ್ನುವುದುಂಟು. ಅಂಥವರು ರಾಜೀನಾಮೆ ಕೊಡುವ ಮುಂಚೆಯೇ ಇಲ್ಲೊಂದು ಎಕ್ಸ್‌ರೇ ತೆಗೆಸಿ ನೋಡುವುದು ಕ್ಷೇಮ.

ಒಪ್ಪಂದದಲ್ಲಿ ಒಟ್ಟು ಸಂಬಳಕ್ಕಿಂತ ಮೂಲ ಸಂಬಳದ ಸಾಲು ನೋಡಿ. ಯುಎಇಯಲ್ಲಿ ಮೊದಲ ಐದು ವರ್ಷ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು) ಸಿಗುವುದು ವರ್ಷಕ್ಕೆ 21 ದಿನದ ಮೂಲ ಸಂಬಳದ ಲೆಕ್ಕದಲ್ಲಿ. ಒಟ್ಟು 5,000 ದಿರ್ಹಂ ಎಂದಿಟ್ಟುಕೊಳ್ಳಿ. ಮೂಲ ಸಂಬಳ 2,000 ಇದ್ದರೆ ವರ್ಷಕ್ಕೆ 1,400 ಸೇರುತ್ತದೆ, 3,500 ಇದ್ದರೆ 2,450. ವಸತಿ, ವರ್ಷದ ಟಿಕೆಟ್, ಬೇಸಿಗೆ ರಜೆಯ ಸಂಬಳ ಬಾಯಿಮಾತಿನಲ್ಲಿದ್ದರೆ ಇಲ್ಲವೆಂದೇ ತಿಳಿಯಬೇಕು. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಲೈಸೆನ್ಸ್ ಉಂಟೋ ಇಲ್ಲವೋ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಐದು ನಿಮಿಷದಲ್ಲಿ ನೋಡಬಹುದು. "ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸುವಾ" ಎನ್ನುವವರ ಬಳಿ ಮಾತು ಮುಂದುವರಿಸಬೇಡಿ.

ಇನ್ನು ತರಗತಿಯ ಸಂಕಟ. ಕೊಲ್ಲಿಯ ಸಿಬಿಎಸ್‌ಇ ಶಾಲೆಗಳ ವರ್ಷ ಶುರುವಾಗುವುದು ಏಪ್ರಿಲಿನಲ್ಲಿ, ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್-ಏಪ್ರಿಲಿನಲ್ಲಿ. ಶಿಕ್ಷಕರ ಮನಸ್ಸು ನಿಜವಾಗಿ ಹರಿದು ಹೋಗುವುದು ಇಲ್ಲಿ. ಪರೀಕ್ಷೆ ಮುಗಿದ ಮೇಲಿನ ದಿನಾಂಕವನ್ನು ಆಫರ್ ಒಪ್ಪುವ ಪತ್ರದಲ್ಲೇ ಕೇಳಿ, ಕೇಳುವುದರಿಂದ ನಷ್ಟವಿಲ್ಲ. ಸಿಗದಿದ್ದರೆ ಮಕ್ಕಳಿಗೆ ನೀವೇ ಹೇಳಿ, ಗೇಟಿನ ಬಳಿಯ ಗುಸುಗುಸುವಿನಿಂದ ಅವರಿಗೆ ತಿಳಿಯಬಾರದು. ಆಂತರಿಕ ಅಂಕಗಳನ್ನು ಪೂರ್ತಿ ದಾಖಲಿಸಿ, ಯಾವ ಹುಡುಗ ಯಾವ ಅಧ್ಯಾಯದಲ್ಲಿ ಸಿಕ್ಕಿಬಿದ್ದಿದ್ದಾನೆ ಎಂದು ಹೆಸರು ಸಹಿತ ಎರಡು ಪುಟ ಬರೆದು ಮುಂದಿನವರ ಕೈಗೆ ಕೊಡಿ. ಅಪ್ಪ-ಅಮ್ಮನಿಗೂ ಹೀಗೆಯೇ: ಯಾವ ಮಾತ್ರೆ ಎಷ್ಟು ಹೊತ್ತಿಗೆ, ರಾತ್ರಿ ಕರೆದರೆ ಬರುವ ರಿಕ್ಷಾದವರ ನಂಬರು, ಡಾಕ್ಟರ ನಂಬರು ದೊಡ್ಡಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ. ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಇಲ್ಲಿನ ಆದಾಯದ ಖಾತೆ) ಮಾಡಿಸುವುದು ಕಾನೂನಿನ ಅಗತ್ಯ, ಅಲ್ಲಿಂದ ಹಣ ಕಳಿಸಲು ಎನ್‌ಆರ್‌ಇ (ಅನಿವಾಸಿಗಳ ವಿದೇಶಿ ಗಳಿಕೆಯ ಖಾತೆ) ಬೇರೆ ತೆರೆಯಿರಿ.

ಎರಡೂ ಜಿಲ್ಲೆಗಳ ಬಿ.ಎಡ್. ಕಾಲೇಜುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಕೊನೆಯ ಸೆಮಿಸ್ಟರಿನಲ್ಲಿ ಒಂದು ಶನಿವಾರ ಬೆಳಿಗ್ಗೆ ಪ್ರತಿಯೊಬ್ಬ ವಿದ್ಯಾರ್ಥಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಪತ್ರ, ಆಧಾರ್, ಪಾಸ್‌ಪೋರ್ಟನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿ, ನಾಲ್ಕರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಉಂಟೋ ಎಂದು ಓದಿ ನೋಡಿಸಿ.

— ವಿದೇಶಕ್ಕೆ ಹೊರಟ ಶಿಕ್ಷಕರಿಗೆ ಕಾಗದಪತ್ರಗಳಲ್ಲಿ ನೆರವಾಗುವ ನಿವೃತ್ತ ಅಧ್ಯಾಪಕರು, ಉಡುಪಿ