ಏಪ್ರಿಲ್ 1ರಿಂದ ನಮ್ಮ ದಾಖಲೆ ಮತ್ತು ಜಾಲತಾಣದ ಕೆಲಸದಲ್ಲಿ ಆಗುವ ಬದಲಾವಣೆ

ಮಾನ್ಯ ಗ್ರಾಹಕರೇ,

ಶಿವಮೊಗ್ಗದ ನಮ್ಮ ಸಣ್ಣ ಸಂಸ್ಥೆಯಲ್ಲಿ ನೀವು ಹಲವು ವರ್ಷಗಳಿಂದ ವಾರ್ಷಿಕ ವರದಿ, ಮಹಾಸಭೆಯ ತಿಳಿವಳಿಕೆ ಪತ್ರ, ಬೈಲಾ, ಅರ್ಜಿ ನಮೂನೆಗಳನ್ನೂ ಜಾಲತಾಣಗಳನ್ನೂ ಮಾಡಿಸಿಕೊಳ್ಳುತ್ತಾ ಬಂದಿದ್ದೀರಿ. ಬರುವ ಏಪ್ರಿಲ್ 1ರಿಂದ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಬಳಸುತ್ತಿದ್ದ ಹಳೆಯ ಆಸ್ಕಿ ಫಾಂಟುಗಳಲ್ಲಿ ಯಾವ ಕೆಲಸವನ್ನೂ ಮಾಡಿಕೊಡದಿರಲು ಮತ್ತು ಕಣ್ಣು ಕಾಣದವರೂ ಓದಬಲ್ಲ ರೀತಿಯಲ್ಲಿಯೇ ಪ್ರತಿಯೊಂದು ಕಡತವನ್ನು ಸಿದ್ಧಪಡಿಸಲು ನಾವು ನಿರ್ಧರಿಸಿದ್ದೇವೆ.

ಇದಕ್ಕೆ ಕಾರಣವಾದದ್ದು ಕಳೆದ ವರ್ಷ ಬಂದ ಒಂದು ದೂರವಾಣಿ ಕರೆ. ನಾವು ವಾರ್ಷಿಕ ವರದಿ ಮಾಡಿಕೊಟ್ಟಿದ್ದ ಸಹಕಾರ ಸಂಘವೊಂದರ ಸದಸ್ಯರು, ದೃಷ್ಟಿ ಕಳೆದುಕೊಂಡ ನಿವೃತ್ತ ಶಿಕ್ಷಕರು, ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಮ್ಮ ಮೊಬೈಲಿನ ಟಾಕ್‌ಬ್ಯಾಕ್ ತಂತ್ರಾಂಶ ಆ ವರದಿಯನ್ನು ಹೇಗೆ ಓದುತ್ತದೆ ಎಂಬುದನ್ನು ನಮಗೆ ಕೇಳಿಸಿದರು. ಒಂದೇ ಒಂದು ಕನ್ನಡ ಪದವೂ ಕೇಳಲಿಲ್ಲ. ಬಿಡಿ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಯಾವುಯಾವುದೋ ಚಿಹ್ನೆಗಳ ಹೆಸರುಗಳು. ಪತ್ರಿಕೆ ಓದುವ ಅದೇ ಫೋನು ನಮ್ಮ ವರದಿಯನ್ನು ಮಾತ್ರ ಓದುತ್ತಿರಲಿಲ್ಲ. ತಪ್ಪು ಸಂಪೂರ್ಣವಾಗಿ ನಮ್ಮದಾಗಿತ್ತು.

ಆಸ್ಕಿ ಫಾಂಟಿನಲ್ಲಿ ಬೆರಳಚ್ಚು ಮಾಡಿದಾಗ ಪರದೆಯ ಮೇಲೆ ಕಾಣುವುದು ಕನ್ನಡವೇ ಆದರೂ ಕಡತದೊಳಗೆ ಉಳಿಯುವುದು ಕನ್ನಡವಲ್ಲ. ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಒಳಗೆ ದಾಖಲಾಗುವುದು ಇಂಗ್ಲಿಷಿನ ಪಿ ಅಕ್ಷರ, ಪೌಂಡ್ ನಾಣ್ಯದ ಚಿಹ್ನೆ, ಯುರೋಪಿನ ಭಾಷೆಗಳ ಕೆಲವು ಅಕ್ಷರಗಳು. ಫಾಂಟು ಅವುಗಳಿಗೆ ಕನ್ನಡದ ಆಕಾರ ತೊಡಿಸುತ್ತದೆ, ಅಷ್ಟೆ. ಆಕಾರ ಕಾಣದ ಓದುಗ ತಂತ್ರಾಂಶ ಒಳಗಿರುವುದನ್ನೇ ಓದುತ್ತದೆ. ಜಗತ್ತಿನ ಭಾಷೆಗಳಿಗೆಲ್ಲ ಬಳಸುವ ಯುನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವುದರಿಂದ ಟಾಕ್‌ಬ್ಯಾಕ್ ಆಗಲಿ, ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಓದುಗ ತಂತ್ರಾಂಶವಾಗಲಿ, ಅದನ್ನು ಕನ್ನಡವಾಗಿಯೇ ಓದುತ್ತವೆ. ಯುನಿಕೋಡ್ ಇಲ್ಲದ ಕಾಲದಲ್ಲಿ ಕನ್ನಡದ ಅಚ್ಚಿನ ಕೆಲಸವನ್ನು ನಡೆಸಿದ್ದು ಆ ಫಾಂಟುಗಳೇ ಎಂಬುದನ್ನು ನಾವು ಮರೆತಿಲ್ಲ. ಆದರೆ ಆ ಕಾಲ ಮುಗಿದ ಮೇಲೂ ಅಭ್ಯಾಸಬಲದಿಂದ ಅವುಗಳನ್ನೇ ಬಳಸಿದ್ದಕ್ಕೆ ನಮ್ಮ ಬಳಿ ಸಮರ್ಥನೆಯಿಲ್ಲ.

ಫಾಂಟು ಬದಲಾಯಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದನ್ನು ನಾವು ಕಷ್ಟಪಟ್ಟು ಕಲಿತೆವು. ಯುನಿಕೋಡ್‌ನಲ್ಲಿ ಬರೆದ ಕಡತವೂ ಪಿಡಿಎಫ್ ಆದಾಗ ಎಷ್ಟೋ ಸಲ ಒತ್ತಕ್ಷರಗಳು ಸ್ಥಾನ ತಪ್ಪುತ್ತವೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಕಣ್ಣಿಗೆ ಸರಿಯಾಗಿರುವ ಪುಟ ಕಿವಿಗೆ ಅಪಭ್ರಂಶವಾಗುತ್ತದೆ. ಆದ್ದರಿಂದ ಇನ್ನು ಮುಂದೆ ಪ್ರತಿ ಪಿಡಿಎಫ್ ಜೊತೆಗೆ ಅದೇ ವಿಷಯದ ವರ್ಡ್ ಕಡತವನ್ನೋ ವೆಬ್ ಪುಟವನ್ನೋ ಕೊಡುತ್ತೇವೆ. ದಪ್ಪ ಅಕ್ಷರದಲ್ಲಿ ಬರೆದ ಸಾಲನ್ನು ತಂತ್ರಾಂಶ ಶೀರ್ಷಿಕೆಯೆಂದು ಗುರುತಿಸುವುದಿಲ್ಲವಾದ್ದರಿಂದ, ಅರವತ್ತು ಪುಟದ ವರದಿಯಲ್ಲಿ ಕೇಳುಗರು ನೇರವಾಗಿ ಲಾಭ-ನಷ್ಟದ ಭಾಗಕ್ಕೆ ಹೋಗಬಲ್ಲಂತೆ ಶೀರ್ಷಿಕೆಗಳನ್ನು ಶೀರ್ಷಿಕೆಗಳಾಗಿಯೇ ಗುರುತು ಮಾಡುತ್ತೇವೆ. ಜಮಾ-ಖರ್ಚಿನ ಕೋಷ್ಟಕಗಳಲ್ಲಿ ಪ್ರತಿ ಮೊತ್ತ ಯಾವ ಬಾಬತ್ತಿನದು ಎಂಬುದು ಓದುವಾಗಲೇ ತಿಳಿಯಬೇಕು; ಚಿತ್ರಗಳಿಗೆ ವಿವರಣೆ ಇರಬೇಕು. ಜಾಲತಾಣಗಳಲ್ಲಿ ಮೌಸ್ ಹಿಡಿಯಲಾಗದವರು ಕೀಲಿಮಣೆಯಿಂದಲೇ ಅರ್ಜಿ ತುಂಬುವಂತಿರಬೇಕು, ವಿಡಿಯೋಗಳಿಗೆ ಕಿವಿ ಕೇಳದವರಿಗಾಗಿ ಅಡಿಬರಹ ಇರಬೇಕು, ಮತ್ತು ಅಕ್ಷರ ಹಾಗೂ ಹಿನ್ನೆಲೆಯ ಬಣ್ಣಗಳ ಹೊಳಪಿನ ವ್ಯತ್ಯಾಸವು ಜಾಲತಾಣಗಳ ಅಂತರರಾಷ್ಟ್ರೀಯ ಮಾನದಂಡ ಸಾಮಾನ್ಯ ಗಾತ್ರದ ಬರಹಕ್ಕೆ ಕೇಳುವ 4.5ಕ್ಕೆ 1ರ ಪ್ರಮಾಣಕ್ಕಿಂತ ಕಡಿಮೆಯಾಗಬಾರದು. ತಿಳಿಬೂದು ಅಕ್ಷರಗಳನ್ನು ಇಷ್ಟಪಡುವ ಗ್ರಾಹಕರು ಈ ಒಂದು ವಿಷಯದಲ್ಲಿ ನಮ್ಮೊಂದಿಗೆ ಸಹಕರಿಸಬೇಕಾಗಿ ವಿನಂತಿ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯೂ ಮಾಹಿತಿ ಎಲ್ಲರಿಗೂ ಎಟಕುವಂತಿರಬೇಕು ಎನ್ನುತ್ತದೆ; 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳನ್ನು ಬಳಸುವ ಹಕ್ಕನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿದೆ. ಕಾನೂನು ಇರದಿದ್ದರೂ ಆ ಕರೆಯ ನಂತರ ನಾವು ಹಳೆಯ ರೀತಿಯಲ್ಲಿ ಮುಂದುವರಿಯುತ್ತಿರಲಿಲ್ಲ.

ನಿಮ್ಮಿಂದ ನಮಗೆ ಬೇಕಾದದ್ದು ಸ್ವಲ್ಪವೇ. ಸುತ್ತೋಲೆಗಳ ಫೋಟೋವನ್ನೋ ಸ್ಕ್ಯಾನ್ ಪ್ರತಿಯನ್ನೋ ಕಳುಹಿಸದೆ ಮೂಲ ಕಡತವನ್ನೇ ಕಳುಹಿಸಿ, ಏಕೆಂದರೆ ಸ್ಕ್ಯಾನ್ ಪ್ರತಿಯಲ್ಲಿ ಇರುವುದು ಅಕ್ಷರಗಳ ಚಿತ್ರ ಮಾತ್ರ. ನಿಮ್ಮ ಕಚೇರಿಯ ಬೆರಳಚ್ಚುಗಾರರು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ನುಡಿ ತಂತ್ರಾಂಶದಲ್ಲಿಯೇ ಯುನಿಕೋಡ್ ಆಯ್ಕೆಯಿದ್ದು, ಕನ್ನಡ ಬೆರಳಚ್ಚಿಗಾಗಿ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಅಲ್ಲಿಯೂ ಮುಂದುವರಿಯುತ್ತದೆ.

ಪುಟ ವಿನ್ಯಾಸದ ದರ ಬದಲಾಗುವುದಿಲ್ಲ, ಆದರೆ ಪ್ರತಿ ಕೆಲಸಕ್ಕೆ ಎರಡು ದಿನ ಹೆಚ್ಚು ಬೇಕಾಗುತ್ತದೆ. ಈಗಲೂ ಬಳಕೆಯಲ್ಲಿರುವ ನಿಮ್ಮ ಬೈಲಾ ಮತ್ತು ಅರ್ಜಿ ನಮೂನೆಗಳನ್ನು ಉಚಿತವಾಗಿ ಯುನಿಕೋಡ್‌ಗೆ ಪರಿವರ್ತಿಸಿ ಕೊಡುತ್ತೇವೆ. ಪರಿವರ್ತಕ ತಂತ್ರಾಂಶಗಳು ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳನ್ನು ಕೆಡಿಸುವುದುಂಟು, ಹಾಗಾಗಿ ಪ್ರತಿ ಪುಟವನ್ನೂ ಮೂಲದೊಂದಿಗೆ ಹೋಲಿಸಿ ತಿದ್ದಲಾಗುವುದು. ಉಳಿದ ಹಳೆಯ ಕಡತಗಳಿಗೆ ಈ ತಿದ್ದುವಿಕೆಯ ಅರ್ಧ ಖರ್ಚನ್ನು ಮಾತ್ರ ಪಡೆಯುತ್ತೇವೆ.

ಆ ನಿವೃತ್ತ ಶಿಕ್ಷಕರೇ ಈಗ ಗೌರವಧನದ ಮೇಲೆ ನಮ್ಮ ಪರಿಶೀಲಕರಾಗಿದ್ದಾರೆ. ಅವರು ಕೇಳಿ ಒಪ್ಪಿದ ನಂತರವೇ ಕಡತ ನಿಮ್ಮ ಕೈ ಸೇರುತ್ತದೆ, ಬಿಲ್ಲು ಅದರ ನಂತರ ಬರುತ್ತದೆ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು